ನಮ್ಮ ಶಾಲೆಗಳ ಸ್ಕೌಟುವಿದ್ಯೆ

ಯಾವುದೊಂದು ಶಿಕ್ಷಣಪದ್ಧತಿಯ ಬೆಲೆಯನ್ನು ಅದರ ಉತ್ಸವಗಳನ್ನು ನೋಡಿ ಕಟ್ಟುವ ರೂಢಿ ನಮ್ಮಲ್ಲಿ ಬೇರೂರಿರುವುದರಿಂದ, ಸ್ಕೌಟು ಮತ್ತು ಗೈಡು ಚಳವಳಿಯೆಂದೊಡನೆ ಕನ್ನಡನಾಡಿನ ಸಾಮಾನ್ಯ ಗೃಹಸ್ಥನ ಮನಸ್ಸಿನಲ್ಲಿ ಮೂಡುವ ಚಿತ್ರವೆಂದರೆ ಸ್ವಾತಂತ್ರ್ಯದಿನದ ಪಥಸಂಚಲನ, ಗಣ್ಯರ ಕಾರು ಬರುವವರೆಗೆ ಬಿಸಿಲಿನಲ್ಲಿ ಕಾದು ನಿಂತ ಬೂದುಬಣ್ಣದ ಅಂಗಿಗಳ ಸಾಲು, ಜಾತ್ರೆಯ ಸಂದಣಿಯಲ್ಲಿ ಹಗ್ಗ ಹಿಡಿದು ದಾರಿ ಬಿಡಿಸುವ ಬಾಲಕರು, ಇವಿಷ್ಟೆ. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ನಡೆದ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯಲ್ಲಿ ಹತ್ತಾರು ಸಾವಿರ ಮಕ್ಕಳು ನೆರೆದಾಗ ನಮ್ಮ ಪತ್ರಿಕೆಗಳು ಹೊಗಳಿದ್ದೂ ಮುಖ್ಯವಾಗಿ ಆ ಸಂಖ್ಯೆಯನ್ನೇ. ಅಷ್ಟು ಮಕ್ಕಳಿಗೆ ಅನ್ನ, ನೀರು, ಮಲಗುವ ತಾವು ಒದಗಿಸಿದ ವ್ಯವಸ್ಥೆ ಶ್ಲಾಘ್ಯವಾದುದೇ. ಆದರೆ ಸಹಸ್ರಸಂಖ್ಯೆಯ ಸಮಾವೇಶದಿಂದ ಈ ವಿದ್ಯೆಯನ್ನು ಅಳೆಯಹೊರಟರೆ ಅದರ ತಿರುಳು ಕೈಗೆ ಸಿಕ್ಕದು. ಏಕೆಂದರೆ ಅದರ ತಿರುಳು ಇರುವುದು ಆರರಿಂದ ಎಂಟು ಮಕ್ಕಳ ಒಂದು ಸಣ್ಣ ಗುಂಪಿನಲ್ಲಿ.

1907ರ ಆಗಸ್ಟಿನಲ್ಲಿ ಈ ಚಳವಳಿಯ ಜನಕ ಬೇಡನ್-ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಇಪ್ಪತ್ತರಷ್ಟು ಹುಡುಗರನ್ನು, ಸಿರಿವಂತರ ಶಾಲೆಗಳವರನ್ನೂ ದುಡಿಯುವವರ ಮನೆಗಳವರನ್ನೂ ಬೆರೆಸಿ, ಕರೆದೊಯ್ದಾಗ ಮಾಡಿದ ಮೊದಲ ಕೆಲಸವೆಂದರೆ ಅವರನ್ನು ತೋಳ, ಗೂಳಿ, ಕಾಗೆ, ಕರ್ಲ್ಯೂ ಹಕ್ಕಿ ಎಂಬ ನಾಲ್ಕು ಪ್ಯಾಟ್ರೋಲುಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಅವರಲ್ಲೇ ಒಬ್ಬ ಹುಡುಗನನ್ನು ನಾಯಕನನ್ನಾಗಿ ಮಾಡಿ, ಆ ಗುಂಪಿನ ಹೊಣೆಯನ್ನು ನಿಜವಾಗಿಯೂ ಅವನಿಗೇ ಬಿಟ್ಟದ್ದು. ಹೆಜ್ಜೆಗುರುತು ಓದುವುದು, ಬೆಂಕಿ ಹೊತ್ತಿಸುವುದು, ಹಗ್ಗ ಬಿಗಿಯುವುದು ಮುಂತಾದ ಕೌಶಲಗಳಲ್ಲಿ ಆತನ ಸ್ವಂತದ್ದೆನ್ನುವಂಥದು ಹೆಚ್ಚಿಲ್ಲ. ಅವುಗಳಲ್ಲಿ ಬಹುಭಾಗ ಆತ ಸೈನಿಕನಾಗಿ ಆಫ್ರಿಕದಲ್ಲಿಯೂ ಹಿಂದೂಸ್ಥಾನದಲ್ಲಿಯೂ ಕಂಡು ಕಲಿತದ್ದು. ಕಬ್ ಎಂಬ ಕಿರಿಯರ ದಳದ ಮಕ್ಕಳ ಆಟಕ್ಕೆ ಆತ 1916ರಲ್ಲಿ ಆಯ್ದುಕೊಂಡ ಕಥಾಲೋಕವಂತೂ ಕಿಪ್ಲಿಂಗ್ ಚಿತ್ರಿಸಿದ ನಮ್ಮ ಮಧ್ಯಪ್ರದೇಶದ ಸಿವನಿಯ ಕಾಡೇ ಸರಿ. ಆತನ ಸ್ವೋಪಜ್ಞತೆಯಿರುವುದು ವಿಷಯದಲ್ಲಲ್ಲ, ವಿನ್ಯಾಸದಲ್ಲಿ: ಹದಿಮೂರು ವರ್ಷದ ಹುಡುಗನೊಬ್ಬನು ತನ್ನ ಏಳು ಮಂದಿ ಸಂಗಾತಿಗಳ ಊಟ, ನಿದ್ರೆ, ದಾರಿ, ಗಾಯ ಇವುಗಳಿಗೆ ಉತ್ತರವಾದಿಯಾಗಬಲ್ಲನೆಂದು ನಂಬಿದ್ದರಲ್ಲಿ.

ಈ ವಿದ್ಯೆ ನಮ್ಮ ನಾಡಿಗೆ ಬಂದ ಬಗೆಯನ್ನು ದೀರ್ಘವಾಗಿ ಹೇಳಬೇಕಾಗಿಲ್ಲ. 1909ರಲ್ಲಿ ಕ್ಯಾಪ್ಟನ್ ಬೇಕರ್ ಎಂಬವರು ಭಾರತದ ಮೊದಲ ದಳವನ್ನು ಕಟ್ಟಿದ್ದು ಬೆಂಗಳೂರಿನಲ್ಲಿಯೇ ಆದರೂ, ಅದು ಯೂರೋಪಿಯನ್ನರ ಮತ್ತು ಆಂಗ್ಲೋ-ಇಂಡಿಯನ್ನರ ಮಕ್ಕಳಿಗೆ ಮೀಸಲಾಗಿದ್ದಿತು. ನಮ್ಮ ಕಾಡಿನ ಕಥೆಯನ್ನೂ ನಮ್ಮವರ ಬೇಟೆಯ ಜಾಣ್ಮೆಯನ್ನೂ ಬಂಡವಾಳವಾಗಿಸಿಕೊಂಡ ಆಟದೊಳಗೆ ನಮ್ಮ ಹುಡುಗರಿಗೇ ಪ್ರವೇಶವಿಲ್ಲವೆಂಬ ವಿಪರ್ಯಾಸವನ್ನು ಮುರಿದವರು ಮದರಾಸಿನಲ್ಲಿ ಆ್ಯನಿ ಬೆಸೆಂಟರು, ಉತ್ತರದಲ್ಲಿ ಮದನಮೋಹನ ಮಾಲವೀಯರು, ಹೃದಯನಾಥ ಕುಂಜ್ರೂ ಮತ್ತು ಶ್ರೀರಾಮ ಬಾಜಪೇಯಿ. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿಯೇ ದಳಗಳು ತಲೆಯೆತ್ತಿದವು. ಕಡೆಗೆ 1950ರ ನವೆಂಬರ್ 7ರಂದು ಬೇರೆಬೇರೆ ಸಂಘಗಳು ಕೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆಯಾಗಿ, ಮರುವರ್ಷ ಗೈಡ್ ಸಂಘವೂ ಅದರಲ್ಲಿ ಸೇರಿತು. ದೊಡ್ಡಬಳ್ಳಾಪುರದಲ್ಲಿರುವ ತರಬೇತಿಯ ತಾಣಕ್ಕೆ ಬೆಸೆಂಟರ ಹೆಸರಿರುವುದು ಈ ಋಣದ ಸ್ಮರಣೆಗಾಗಿ.

ಈಗ ಗ್ರಂಥಪಾಠವನ್ನೇ ಸ್ವಲ್ಪ ಸಮೀಪದಿಂದ ನೋಡೋಣ. ಬೇಡನ್-ಪೊವೆಲ್ 1908ರಲ್ಲಿ ಬರೆದ ನಿಯಮಗಳು ಒಂಬತ್ತು. ನಮ್ಮ ಸಂಸ್ಥೆಯ ನಿಯಮಗಳೂ ಇಂದು ಒಂಬತ್ತೇ. ಆದರೆ ಆ ಒಂಬತ್ತೇ ಈ ಒಂಬತ್ತಲ್ಲ. ಮೂಲದಲ್ಲಿ ಸ್ಕೌಟಾದವನು ಪ್ಯಾಟ್ರೋಲ್ ನಾಯಕನ, ಸ್ಕೌಟ್ ಮಾಸ್ತರರ ಆಜ್ಞೆಯನ್ನು ಪ್ರಶ್ನಿಸದೆ ಪಾಲಿಸತಕ್ಕದ್ದೆಂದಿರುವ ಎಡೆಯಲ್ಲಿ, ನಮ್ಮವರು ಶಿಸ್ತನ್ನು ಉಳಿಸಿ, ಪ್ರಶ್ನಿಸಬಾರದೆಂಬುದನ್ನು ಕೈಬಿಟ್ಟು, ಸಾರ್ವಜನಿಕ ಸ್ವತ್ತಿನ ರಕ್ಷಣೆಯ ಮಾತನ್ನು ಸೇರಿಸಿದರು. ಪರರಾಜ್ಯದ ಪ್ರಜೆಯಾಗಿದ್ದವನು ಸ್ವರಾಜ್ಯದ ಪ್ರಜೆಯಾದಾಗ ಆಗಬೇಕಾದ ತಿದ್ದುಪಡಿ ಇದೇ. ಇದಕ್ಕಿಂತ ವಿವೇಕಯುತವಾದ ಸಂಪಾದನೆಯನ್ನು ನಾನು ನಮ್ಮ ಸಂಘಸಂಸ್ಥೆಗಳ ನಿಬಂಧನೆಗಳಲ್ಲಿ ಹೆಚ್ಚಾಗಿ ಕಂಡಿಲ್ಲ. ಆದರೆ ಅದರ ಮುಂದಿನ ನಿಯಮವೊಂದು, ಎಂತಹ ಕಷ್ಟದಲ್ಲಿಯೂ ನಸುನಗುತ್ತ ಸಿಳ್ಳೆ ಹಾಕುತ್ತಿರಬೇಕೆಂಬುದು, ನಮ್ಮ ಪಾಠದಲ್ಲಿ ಮಾಯವಾಗಿ, ಅದರ ಸ್ಥಾನದಲ್ಲಿ ಸ್ಕೌಟು ಧೈರ್ಯಶಾಲಿಯೆಂಬ ಗಂಭೀರವಾಕ್ಯ ಬಂದು ಕುಳಿತಿದೆ. ಸಿಳ್ಳೆ ಹಾಕುವುದು ಪುಂಡರ ಲಕ್ಷಣವೆಂದು ಬಗೆದ ಸಂಪ್ರದಾಯದಲ್ಲಿ ಇದು ಸಹಜವೇ ಇರಬಹುದು. ಆದರೂ ಧೈರ್ಯವೆಂಬ ಗುಣವನ್ನು ಹನ್ನೆರಡರ ಹುಡುಗನಿಗೆ ಉಪದೇಶಿಸುವುದಕ್ಕೂ, ಮಳೆಯಲ್ಲಿ ಡೇರೆ ಕುಸಿದಾಗ ಅಳದೆ ಸಿಳ್ಳೆ ಹಾಕು ಎಂದು ಅವನ ಕೈಗೆ ಒಂದು ಉಪಾಯವನ್ನೇ ಕೊಡುವುದಕ್ಕೂ ಇರುವ ಅಂತರವನ್ನು ಬಲ್ಲವರು ಈ ಬದಲಾವಣೆಯನ್ನು ಲಾಭವೆಂದು ಎಣಿಸಲಾರರು. ಆಚರಣೆಯಲ್ಲಿ ಆದುದು ಇನ್ನೂ ಸ್ವಾರಸ್ಯವಾಗಿದೆ: ಪುಸ್ತಕದಿಂದ ಹೊರಹಾಕಿದ ಪ್ರಶ್ನಾತೀತ ಆಜ್ಞಾಪಾಲನೆ ಮೈದಾನದಲ್ಲಿ ಹಿಂದಿನ ಬಾಗಿಲಿನಿಂದ ಒಳಬಂದಿತು, ಹುಡುಗನ ತುಟಿಯಿಂದ ಇಳಿಸಿದ ಸಿಳ್ಳೆ ಮಾಸ್ತರರ ಕೊರಳಿನ ಸೀಟಿಯಾಗಿ ನೇತಾಡತೊಡಗಿತು.

ಮೈದಾನದ ಆ ಪಾಠವನ್ನು, ಮುಖ್ಯವಾಗಿ ಗಂಟಿನ ವಿದ್ಯೆಯನ್ನು, ಗಮನಿಸಬೇಕು. ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳನ್ನು ಏರಿ ರಾಜ್ಯ ಪುರಸ್ಕಾರದ ಪರೀಕ್ಷೆಗೆ ಕೂಡುವ ಮಗು ರೀಫ್ ನಾಟ್, ಶೀಟ್ ಬೆಂಡ್, ಕ್ಲೋವ್ ಹಿಚ್, ಬೋಲೈನ್ ಮುಂತಾದವನ್ನು ಕಟ್ಟಿ ತೋರಿಸಬೇಕಷ್ಟೆ. ಬಹುತೇಕ ಶಾಲೆಗಳಲ್ಲಿ ಇದು ನಡೆಯುವ ರೀತಿ ಹೀಗೆ: ಗಂಟುಗಳ ಚಿತ್ರವನ್ನು ಲಾಗ್ ಬುಕ್ಕಿನಲ್ಲಿ ಬಣ್ಣದ ಸೀಸದಿಂದ ಬರೆದು, ಮೊಳದುದ್ದದ ನೈಲಾನ್ ದಾರವನ್ನು ಬೆರಳಿಗೆ ಸುತ್ತಿ ಕಟ್ಟಿ, ಹೆಸರು ಹೇಳಿ ಬಿಚ್ಚಿಬಿಡುವುದು. ಆ ದಾರ ಯಾವ ಕಂಬವನ್ನೂ ಬಿಗಿಯುವುದಿಲ್ಲ, ಯಾವ ಭಾರವನ್ನೂ ಹೊರುವುದಿಲ್ಲ. ಗಂಟು ತಪ್ಪಿದರೆ ಒಂದು ಅಂಕ ಹೋದೀತೇ ಹೊರತು ಏನೂ ಬೀಳುವುದಿಲ್ಲ. ಅದೇ ಹುಡುಗ ಸಂಜೆ ಮನೆಗೆ ಹೋಗಿ ಎತ್ತಿನ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿ ಬಿಗಿಯುವಾಗ ಕಟ್ಟುವುದು ಕ್ಲೋವ್ ಹಿಚ್ಚನ್ನೇ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ. ತರಬೇತಿಯ ತಾಣವಿರುವ ದೊಡ್ಡಬಳ್ಳಾಪುರವಂತೂ ನೇಕಾರರ ಊರು. ಶೀಟ್ ಬೆಂಡಿನದೇ ಕಟ್ಟಾದ ನೇಕಾರನ ಗಂಟಿನಿಂದ ಹರಿದ ಎಳೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಕೂಡಿಸಬಲ್ಲ ಕೈಗಳು ಅಲ್ಲಿಯ ಬೀದಿಬೀದಿಯಲ್ಲಿವೆ. ಕಾಡಿನ ಮಕ್ಕಳಾದ ಸೋಲಿಗರನ್ನೋ ಜೇನುಕುರುಬರನ್ನೋ ಹೆಜ್ಜೆಗುರುತಿನ ಪಾಠಕ್ಕೆ ಗುರುಗಳಾಗಿ ಕರೆದ ದಳಗಳು ಎಷ್ಟಿದ್ದಾವು? ಬೇಡನ್-ಪೊವೆಲ್ ಪರದೇಶದ ಬೇಟೆಗಾರರಿಂದ ಕಲಿಯಲು ನಾಚಲಿಲ್ಲ. ನಾವು ನಮ್ಮ ನೆರೆಯವನಿಂದ ಕಲಿಯದೆ ಆತನ ಪುಸ್ತಕದಿಂದ ಕಲಿಯುತ್ತೇವೆ. ಈ ವಿದ್ಯೆಯನ್ನು ವಿದೇಶೀಯವೆಂದು ಹಳಿಯುವವರು ದೋಷವನ್ನು ತಪ್ಪಾದ ಜಾಗದಲ್ಲಿ ಹುಡುಕುತ್ತಿದ್ದಾರೆಂದೇ ನನ್ನ ಅಭಿಪ್ರಾಯ.

ಇಷ್ಟು ಹೇಳಿದ ಮೇಲೆ, ಶಿಬಿರದ ಅಡುಗೆಯ ವಿಷಯದಲ್ಲಿ ಮುಕ್ತಕಂಠದಿಂದ ಹೊಗಳದೆ ಇರುವುದು ಅನ್ಯಾಯವಾದೀತು. ದಾವಣಗೆರೆಯ ಹತ್ತಿರದ ಕೊಂಡಜ್ಜಿಯಂತಹ, ಕೆರೆಯೂ ಕುರುಚಲು ಗುಡ್ಡವೂ ಇರುವ ತಾವಿನಲ್ಲಿ ಪ್ಯಾಟ್ರೋಲಿನ ಮಕ್ಕಳು ಮೂರು ಕಲ್ಲು ಹೂಡಿ, ಹಸಿ ಸೌದೆಯ ಹೊಗೆಗೆ ಕಣ್ಣೊರಸಿಕೊಳ್ಳುತ್ತ, ಅಕ್ಕಿಗೆ ನೀರೆಷ್ಟೆಂದು ವಾದಿಸುತ್ತ ತಮ್ಮ ಅನ್ನವನ್ನು ತಾವೇ ಬೇಯಿಸಿಕೊಳ್ಳುವುದನ್ನು, ಪಾತ್ರೆಯೇ ಇಲ್ಲದೆ ಕೆಂಡದಲ್ಲಿ ಆಲೂಗಡ್ಡೆ ಸುಟ್ಟು, ಕೋಲಿಗೆ ಹಿಟ್ಟು ಸುತ್ತಿ ಕಾಯಿಸಿಕೊಳ್ಳುವುದನ್ನು ನೋಡಿದವರಿಗೆ, ಅಮ್ಮ ಬಡಿಸಿದ್ದನ್ನು ಉಂಡು ತಟ್ಟೆ ಬಿಟ್ಟೇಳುವ ನಮ್ಮ ಗಂಡುಮಕ್ಕಳ ಪಾಲಿಗೆ ಇದು ಎಂತಹ ಕ್ರಾಂತಿಯೆಂಬುದು ಹೇಳದೆಯೇ ತಿಳಿದೀತು. ಅನ್ನ ಸೀದುಹೋದರೂ ಉಣ್ಣಬೇಕು, ಸೀಸಿದವನೂ ಅವರಲ್ಲೊಬ್ಬನೇ. ಯಾರ ಮನೆಯ ಮಗ ನೀರು ತಂದ, ಯಾರ ಮನೆಯ ಮಗ ಹಿಟ್ಟು ಕಲಸಿದ ಎಂಬ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ. ಪಂಕ್ತಿಭೇದವನ್ನು ಕುರಿತು ನೂರು ಭಾಷಣಗಳು ಮಾಡಲಾರದ ಕೆಲಸವನ್ನು ಒಂದು ಒಲೆ ಮಾಡುತ್ತದೆ. ಗೈಡ್ ಹುಡುಗಿಯರ ಮಟ್ಟಿಗೆ ಶಿಬಿರದ ಬೆಲೆ ಬೇರೆ ತೆರನಾದದ್ದು. ಅಡುಗೆ ಅವರಿಗೆ ಹೊಸದಲ್ಲ. ಆದರೆ ನೆಂಟರ ಮದುವೆಯ ಹೊರತು ಮನೆ ಬಿಟ್ಟು ರಾತ್ರಿ ಕಳೆಯಲು ಅಪ್ಪಣೆಯಿಲ್ಲದ ಸಣ್ಣ ಊರುಗಳಲ್ಲಿ, ದಿಕ್ಸೂಚಿ ಹಿಡಿದು ಗುಡ್ಡ ಹತ್ತಲು, ತಾವೇ ನೆಟ್ಟ ಡೇರೆಗೆ ಸರದಿಯ ಮೇಲೆ ಕಾವಲಿರಲು ತಂದೆತಾಯಿಗಳು ಒಪ್ಪಿ ಕಳುಹಿಸುವ ಒಂದೇ ಒಂದು ನೆವವನ್ನು ಆ ಆಕಾಶನೀಲಿ ಸಮವಸ್ತ್ರ ಒದಗಿಸಿಕೊಟ್ಟಿದೆ.

ಆದರೆ ಇಂತಹ ಶಿಬಿರಗಳು ಎಷ್ಟು ಮಕ್ಕಳಿಗೆ ದೊರೆಯುತ್ತವೆ? ಗುತ್ತಿಗೆಯ ಅಡುಗೆಯವರನ್ನು ನೇಮಿಸಿ, ಕಲ್ಯಾಣಮಂಟಪದಲ್ಲಿ ಮಕ್ಕಳನ್ನು ಮಲಗಿಸಿ, ಮೂರು ದಿನ ಉಪನ್ಯಾಸ ಕೇಳಿಸಿ ಪ್ರಮಾಣಪತ್ರ ಹಂಚುವುದೂ ಶಿಬಿರವೆನಿಸಿಕೊಳ್ಳುತ್ತಿದೆ. ರೈಲ್ವೆ ನೇಮಕಾತಿಯಲ್ಲಿ ಸ್ಕೌಟ್ಸ್ ಕೋಟಾ ಇರುವುದರಿಂದ ರಾಷ್ಟ್ರಪತಿ ಪುರಸ್ಕಾರದ ಪತ್ರಕ್ಕೆ ಮಾರುಕಟ್ಟೆಯ ಬೆಲೆ ಬಂದಿದೆ; ಬಡವರ ಮಕ್ಕಳಿಗೆ ಅದರಿಂದ ಅನ್ನದ ದಾರಿಯಾದರೆ ಕರುಬಬೇಕಾದುದಿಲ್ಲ. ಆದರೆ ಪತ್ರದ ಆತುರದಲ್ಲಿ ಲಾಗ್ ಬುಕ್ಕನ್ನು ಅಕ್ಕನೋ ಟೀಚರೋ ಬರೆದುಕೊಡುವ ಪದ್ಧತಿ, ಸ್ಕೌಟು ನಂಬಿಕೆಗೆ ಅರ್ಹನೆಂಬ ಮೊದಲನೆಯ ನಿಯಮವನ್ನೇ ಆ ಪುಸ್ತಕದ ಮೊದಲ ಪುಟದಲ್ಲಿ ಸುಳ್ಳಾಗಿಸುತ್ತದೆ. ಇದಕ್ಕೆ ಉಪಾಧ್ಯಾಯರನ್ನು ದೂರುವುದು ಸುಲಭ. ಗಣಿತದ ಪಾಠ, ಬಿಸಿಯೂಟದ ಲೆಕ್ಕ, ಚುನಾವಣೆಯ ಕರ್ತವ್ಯ ಇವೆಲ್ಲವನ್ನೂ ಹೊತ್ತವರ ಹೆಗಲಿಗೆ, ಒಂದು ವಾರದ ಬೇಸಿಕ್ ಕೋರ್ಸು ಮುಗಿಸಿದ ಮಾತ್ರಕ್ಕೆ, ದಳವನ್ನೂ ಹಾಕಿ, ಮಕ್ಕಳನ್ನು ಕಾಡಿಗೆ ಕರೆದೊಯ್ದು ಕಾಲುಳುಕಿದರೆ ವಿವರಣೆ ಕೇಳುವ ವ್ಯವಸ್ಥೆಯಲ್ಲಿ, ಅವರು ಕಾಡಿಗಿಂತ ಕವಾಯತನ್ನು ಆರಿಸಿಕೊಂಡರೆ ಅದು ಸ್ವರಕ್ಷಣೆ.

ಹಾಗಾದರೆ ತಪಾಸಣೆಗೆ ಬರುವ ಸ್ಕೌಟು ಸಂಸ್ಥೆಯ ಆಯುಕ್ತರು ಏನನ್ನು ನೋಡಬೇಕು? ಪ್ರತಿಯೊಂದು ದಳಕ್ಕೂ ಕೋರ್ಟ್ ಆಫ್ ಆನರ್ ಎಂಬ ಸಭೆಯೊಂದು ಪದ್ಧತಿಯಲ್ಲಿಯೇ ವಿಹಿತವಾಗಿದೆ. ಪ್ಯಾಟ್ರೋಲ್ ನಾಯಕರು ತಾವೇ ಕುಳಿತು ದಳದ ಕಾರ್ಯಕ್ರಮವನ್ನೂ ಶಿಸ್ತಿನ ವಿಚಾರಗಳನ್ನೂ ತೀರ್ಮಾನಿಸುವ, ಮಾಸ್ತರರು ಸಲಹೆಗಾರರಾಗಿ ಮಾತ್ರ ಪಕ್ಕದಲ್ಲಿರುವ ಸಭೆ ಅದು. ಆ ಸಭೆಯ ನಡಾವಳಿ ಪುಸ್ತಕವನ್ನು ಕೇಳಿ ತೆರೆಸುವ ಪರಿಪಾಠ ನಮ್ಮಲ್ಲಿ ಇನ್ನೂ ಬಂದಿಲ್ಲ. ಕೇಳುವುದು ಫೋಟೋಗಳ ಆಲ್ಬಮನ್ನು. ಮಕ್ಕಳ ಕೈಬರಹದಲ್ಲಿ, ಕಾಗುಣಿತದ ತಪ್ಪುಗಳೊಡನೆ, ಮುಂದಿನ ಭಾನುವಾರ ಯಾವ ಗುಡ್ಡಕ್ಕೆ ಹೋಗತಕ್ಕದ್ದೆಂದೂ ಉಪ್ಪು ತರಲು ಮರೆತವನು ಈ ಬಾರಿ ಸೌದೆ ತರತಕ್ಕದ್ದೆಂದೂ ಬರೆದಿರುವ ಒಂದು ಪುಟ ಯಾವ ಶಾಲೆಯಲ್ಲಿ ಸಿಕ್ಕುತ್ತದೆಯೋ ಅಲ್ಲಿ ಸ್ಕೌಟುವಿದ್ಯೆ ಇದೆಯೆಂದು, ಪಥಸಂಚಲನದಲ್ಲಿ ಆ ಮಕ್ಕಳ ಹೆಜ್ಜೆ ತಪ್ಪಿದರೂ, ಆಯುಕ್ತರು ಧಾರಾಳವಾಗಿ ವರದಿ ಬರೆಯಬಹುದು.