‘ನನಗೂ’ ಎನ್ನಲು ಹೆದರುವ ಮನಸ್ಸಾಕ್ಷಿ

1773ರ ಹೊಸ ವರ್ಷದ ದಿನ ಇಂಗ್ಲೆಂಡಿನ ಆಲ್ನಿ ಎಂಬ ಸಣ್ಣ ಊರಿನಲ್ಲಿ ಸಭಾಪಾಲಕ ಜಾನ್ ನ್ಯೂಟನ್ ತಮ್ಮ ಪ್ರಸಂಗಕ್ಕೆಂದು ಬರೆದ ಒಂದು ಕೀರ್ತನೆಯನ್ನು ಸಭೆಯ ಮುಂದಿಟ್ಟರು. ಇಂದು ‘ಅಮೇಜಿಂಗ್ ಗ್ರೇಸ್’ ಎಂಬ ಹೆಸರಿನಲ್ಲಿ ಲೋಕವೆಲ್ಲ ಹಾಡುವುದು ಅದನ್ನೇ. ಅವರ ಮನೆಯಿಂದ ಕೂಗಳತೆಯ ದೂರದಲ್ಲಿ ಕವಿ ವಿಲಿಯಂ ಕೂಪರ್ ವಾಸವಾಗಿದ್ದರು. ಇಬ್ಬರೂ ಆಪ್ತ ಗೆಳೆಯರು, ಸಭೆಗಾಗಿ ಜೊತೆಯಾಗಿ ಕೀರ್ತನೆ ಬರೆಯುತ್ತಿದ್ದವರು. ಆ ವರ್ಷ ಹುಟ್ಟಿ ಕೆಲವೇ ವಾರಗಳಲ್ಲಿ ಕೂಪರ್ ಕುಸಿದರು. ತಾನು ಶಾಶ್ವತವಾಗಿ ತಳ್ಳಲ್ಪಟ್ಟವನು ಎಂಬ ತೀರ್ಪನ್ನು ಕನಸಿನಲ್ಲಿ ಕೇಳಿದರು. 1800ರಲ್ಲಿ ಸಾಯುವ ತನಕ ಆ ತೀರ್ಪು ಅವರನ್ನು ಬಿಡಲಿಲ್ಲ. ಮತ್ತೆಂದೂ ಅವರು ಆರಾಧನೆಗೆ ಹೋಗಲಿಲ್ಲ. ಕೃಪೆ ಸುಳ್ಳೆಂದು ಅವರು ಹೇಳಿದವರಲ್ಲ. ಎಲ್ಲರಿಗೂ ನಿಜವಾದದ್ದು ತನ್ನೊಬ್ಬನಿಗೆ ಮಾತ್ರ ಸಲ್ಲದು ಎಂದು ನಂಬಿದ್ದರು.

ಕೂಪರರದು ಮನೋರೋಗವೂ ಹೌದು. 1763ರಲ್ಲೇ ಆತ್ಮಹತ್ಯೆಗೆ ಯತ್ನಿಸಿ, ಸೇಂಟ್ ಆಲ್ಬನ್ಸಿನಲ್ಲಿ ಡಾ. ನಥಾನಿಯೆಲ್ ಕಾಟನ್ ನಡೆಸುತ್ತಿದ್ದ ಆಸ್ಪತ್ರೆ ಸೇರಿದ್ದರು. ಮರುವರ್ಷ ಅಲ್ಲಿಯೇ ರೋಮಾಪುರದವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯ ಓದುವಾಗ ಅವರಿಗೆ ಬೆಳಕು ಕಂಡಿತ್ತು. ರೋಗದ ಹೊಣೆಯನ್ನೆಲ್ಲ ಸಿದ್ಧಾಂತದ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಆ ರೋಗ ಮಾತಾಡಿದ್ದು ಅವರ ಸಭೆಯ ಭಾಷೆಯಲ್ಲೇ ಎಂಬುದನ್ನೂ ಮರೆಯಲಾಗದು. ಕೃಪೆ ಪುಕ್ಕಟೆಯಾಗಿ ಸಿಗುತ್ತದೆ ಎಂದು ಐನೂರು ವರ್ಷಗಳಿಂದ ಸಾರುತ್ತ ಬಂದ ಪ್ರಾಟೆಸ್ಟೆಂಟ್ ಪರಂಪರೆಯೊಳಗೇ, ಅದು ನನಗಲ್ಲ ಎಂದು ನರಳುವವರು ಇಷ್ಟು ಮಂದಿ ಏಕೆ ಹುಟ್ಟಿದರು?

ಬೇರು ಇರುವುದು ಎರ್ಫುರ್ಟಿನ ಅಗಸ್ಟೀನಿಯನ್ ಮಠದಲ್ಲಿ. 1505ರಲ್ಲಿ ಅಲ್ಲಿಗೆ ಸೇರಿದ ಮಾರ್ಟಿನ್ ಲೂಥರ್ ಪಾಪನಿವೇದನೆಗೆ ಕುಳಿತರೆ ಏಳುತ್ತಲೇ ಇರಲಿಲ್ಲ. ಒಮ್ಮೊಮ್ಮೆ ಆರು ಗಂಟೆ ಹಿಡಿಯುತ್ತಿತ್ತು. ಮುಗಿಸಿ ಹೊರಟವರಿಗೆ ಹೇಳದೆ ಬಿಟ್ಟ ಇನ್ನೊಂದು ಪಾಪ ನೆನಪಾಗುತ್ತಿತ್ತು. ಅವರ ಆತ್ಮಿಕ ಹಿರಿಯ ಯೋಹಾನ್ ಫಾನ್ ಸ್ಟೌಪಿಟ್ಸ್ ಬೇಸತ್ತು ಗದರಿದ್ದೂ ಉಂಟು. ನಿನ್ನೊಳಗೆ ತಡಕಾಡುವುದನ್ನು ಬಿಟ್ಟು ಕ್ರಿಸ್ತನ ಗಾಯಗಳನ್ನು ನೋಡು ಎಂಬ ಅವರ ಬುದ್ಧಿಮಾತನ್ನು ಲೂಥರ್ ಮುಂದೆ ಜೀವನವಿಡೀ ನೆನೆದರು. ವಿಟ್ಟೆನ್‌ಬರ್ಗಿನಲ್ಲಿ ಕೀರ್ತನೆಗಳನ್ನೂ ರೋಮಾಪುರದ ಪತ್ರಿಕೆಯನ್ನೂ ಪಾಠ ಮಾಡುತ್ತ ಅವರು ಕಂಡುಕೊಂಡದ್ದು ಇದು: ದೇವರ ನೀತಿ ಪಾಪಿಯನ್ನು ಅಳೆಯುವ ಕೋಲಲ್ಲ, ಪಾಪಿಗೆ ಕೊಡುವ ದಾನ. ಕ್ರಿಸ್ತ ಲೋಕಕ್ಕಾಗಿ ಸತ್ತನೆಂದು ಒಪ್ಪಿದರೆ ಸಾಲದು, ನನಗಾಗಿ ಎಂದು ಒಪ್ಪಬೇಕು ಎಂದು ಗಲಾತ್ಯದವರ ಪತ್ರಿಕೆಯ ವ್ಯಾಖ್ಯಾನದಲ್ಲಿ ಅವರು ಒತ್ತಿ ಒತ್ತಿ ಹೇಳಿದರು. ಮಠದ ಲೆಕ್ಕಪತ್ರದಿಂದ ಮನಸ್ಸನ್ನು ಬಿಡಿಸಿದ ಈ ಮಾತು ಯುರೋಪಿನ ಕ್ರೈಸ್ತ ಬದುಕಿನ ದಿಕ್ಕನ್ನೇ ಬದಲಿಸಿತು.

ಈ ಸಂಕಟ ಲೂಥರ್ ಒಬ್ಬರದೇ ಆಗಿರಲಿಲ್ಲ. 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಲೊಯೋಲಾದ ಇಗ್ನೇಷಿಯಸ್ ಹಳೆಯ ಪಾಪಗಳನ್ನೇ ಮತ್ತೆ ಮತ್ತೆ ನಿವೇದಿಸಿ ಸಾಯುವ ಆಲೋಚನೆಯವರೆಗೂ ಹೋಗಿದ್ದರು. ಅವರು ಕಂಡುಕೊಂಡ ದಾರಿ ಬೇರೆ. ಈ ಕೊರಗು ದೇವರಿಂದ ಬಂದದ್ದಲ್ಲ ಎಂದು ಗುರುತಿಸಿ, ತೀರಿಹೋದದ್ದನ್ನು ಇನ್ನು ಕೆದಕುವುದಿಲ್ಲವೆಂದು ನಿಶ್ಚಯಿಸಿದರು. ತಮ್ಮ ‘ಆತ್ಮಿಕ ಅಭ್ಯಾಸಗಳು’ ಪುಸ್ತಕದಲ್ಲಿ ಇಂಥ ಕೊರಗಿಗೆಂದೇ ಸೂಚನೆಗಳನ್ನು ಬರೆದರು. ಕಥೋಲಿಕ ಸಭೆ ಟ್ರೆಂಟ್ ಮಹಾಸಭೆಯಲ್ಲಿ, 1547ರ ಜನವರಿಯಲ್ಲಿ, ತನಗೆ ಕೃಪೆ ಸಿಕ್ಕಿದೆ ಎಂದು ತಪ್ಪಿಗೆ ಎಡೆಯೇ ಇಲ್ಲದಷ್ಟು ಖಚಿತವಾಗಿ ಯಾರೂ ತಿಳಿಯಲಾರರು ಎಂದು ತೀರ್ಮಾನಿಸಿತು. ಲೂಥರನ ಅನುಯಾಯಿಗಳಿಗೆ ಇದು ಕ್ರೂರವಾಗಿ ಕಂಡಿತು. ಆದರೆ ಒಂದು ವಿಷಯದಲ್ಲಿ ಆ ತೀರ್ಮಾನ ಸಾಮಾನ್ಯ ವಿಶ್ವಾಸಿಗೆ ಉಪಕಾರವನ್ನೇ ಮಾಡಿತು: ಖಚಿತವಾಗಿ ಅನಿಸದಿದ್ದರೂ ಪರಮಪ್ರಸಾದಕ್ಕೆ ಎದ್ದು ಬರಲು ಅವನಿಗೆ ಅಡ್ಡಿಯಿರಲಿಲ್ಲ.

ಪ್ರಾಟೆಸ್ಟೆಂಟರಲ್ಲಿ ತೊಡಕು ಶುರುವಾದದ್ದು ಇಲ್ಲಿಯೇ. ಕೃಪೆಯನ್ನು ದುಡಿದು ಗಳಿಸಬೇಕಿಲ್ಲ, ನಂಬಿದರೆ ಸಾಕು. ಸರಿ, ಆದರೆ ನಾನು ನಂಬಿದ್ದೇನೆಯೇ? ನನ್ನ ನಂಬಿಕೆ ನಿಜವಾದದ್ದೇ? ದೇವರು ಆರಿಸಿಕೊಂಡವರಲ್ಲಿ ನಾನಿದ್ದೇನೆಯೇ? ಆಯ್ಕೆಯ ಖಾತ್ರಿಗೆ ನಿಮ್ಮೊಳಗೆ ನೋಡಬೇಡಿ, ಕ್ರಿಸ್ತನೇ ಅದರ ಕನ್ನಡಿ ಎಂದು ಜಿನೀವಾದ ಸುಧಾರಕ ಕ್ಯಾಲ್ವಿನ್ ಎಚ್ಚರಿಸಿದ್ದರು. ಅವರ ನಂತರದ ಇಂಗ್ಲಿಷ್ ಪ್ಯೂರಿಟನ್ನರು, ಮುಖ್ಯವಾಗಿ ಕೇಂಬ್ರಿಜಿನ ವಿಲಿಯಂ ಪರ್ಕಿನ್ಸ್, ಬದುಕಿನಲ್ಲಿ ಕಾಣುವ ಗುರುತುಗಳಿಂದ ಆಯ್ಕೆಯನ್ನು ಊಹಿಸುವ ಕ್ರಮವನ್ನು ಬೆಳೆಸಿದರು. ದುರ್ಬಲರಿಗೆ ಸಮಾಧಾನವಾಗಲೆಂಬುದೇ ಅವರ ಉದ್ದೇಶ. ಆದರೂ ಎರ್ಫುರ್ಟಿನ ತನಿಖೆ ಹಿಂಬಾಗಿಲಿನಿಂದ ಮತ್ತೆ ಒಳಗೆ ಬಂತು. ಮೊದಲು ಪಾಪಗಳನ್ನು ಎಣಿಸುತ್ತಿದ್ದವರು ಈಗ ಭಾವನೆಗಳನ್ನು ಎಣಿಸತೊಡಗಿದರು.

ಇದು ಒಬ್ಬ ಮನುಷ್ಯನನ್ನು ಹೇಗೆ ಹಿಂಡಬಲ್ಲದು ಎಂಬುದಕ್ಕೆ ಜಾನ್ ಬನಿಯನ್ ಸೆರೆಮನೆಯಲ್ಲಿದ್ದು 1666ರಲ್ಲಿ ಪ್ರಕಟಿಸಿದ ಆತ್ಮಕಥನಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಪಾತ್ರೆಗಳಿಗೆ ಬೆಸುಗೆ ಹಾಕುವ ಕಸುಬಿನ ಈ ಬೆಡ್‌ಫರ್ಡಿನವರು ಒಂದು ದಿನ ಬೀದಿಯಲ್ಲಿ ಹೋಗುವಾಗ, ಬಿಸಿಲಿಗೆ ಮೈಯೊಡ್ಡಿ ಬಾಗಿಲಲ್ಲಿ ಕುಳಿತು ದೇವರ ವಿಷಯ ಮಾತಾಡುತ್ತಿದ್ದ ಮೂರ್ನಾಲ್ಕು ಬಡ ಹೆಂಗಸರನ್ನು ಕಂಡರು. ತಾನೂ ಧರ್ಮದ ಮಾತು ಬಲ್ಲವನೆಂದುಕೊಂಡು ಹತ್ತಿರ ಹೋದವರಿಗೆ ಅವರ ಮಾತಿನಲ್ಲಿದ್ದ ನಲಿವು ತನ್ನ ಅಳವಿಗೆ ಸಿಗದ್ದೆನಿಸಿತು. ಅಲ್ಲಿಂದ ಅವರ ಹುಡುಕಾಟ ಶುರು. ಕೆಲವು ಕಾಲದ ನಂತರ, ಕ್ರಿಸ್ತನನ್ನು ಮಾರಿಬಿಡು ಎಂಬ ದನಿ ಊಟಕ್ಕೆ ಕುಳಿತರೂ ಕೆಲಸಕ್ಕೆ ಬಾಗಿದರೂ ಅವರ ಕಿವಿಯಲ್ಲಿ ಗುಂಯ್ಗುಡತೊಡಗಿತು. ತಡೆದೂ ತಡೆದೂ ಸೋತ ಒಂದು ಬೆಳಗ್ಗೆ, ಹೋಗುವುದಾದರೆ ಹೋಗಲಿ ಎಂಬ ಯೋಚನೆ ಮನಸ್ಸಿನಲ್ಲಿ ಹಾದುಹೋಯಿತು. ಅಷ್ಟೇ. ಚೊಚ್ಚಲ ಹಕ್ಕನ್ನು ಮಾರಿಕೊಂಡು ಆಮೇಲೆ ಅತ್ತರೂ ಮರಳಿ ಪಡೆಯದ ಏಸಾವನ ಬಗ್ಗೆ ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿರುವ ಮಾತು ಅಂದಿನಿಂದ ಅವರ ಮೇಲೆ ಬಂಡೆಯಂತೆ ಕುಳಿತಿತು. ಎರಡು ವರ್ಷದಷ್ಟು ಕಾಲ ಅವರು ತನ್ನ ಪಾಪವನ್ನು ದಾವೀದನದರೊಂದಿಗೆ, ಪೇತ್ರನದರೊಂದಿಗೆ, ಯೂದನದರೊಂದಿಗೆ ತೂಗಿ ನೋಡುತ್ತಲೇ ಇದ್ದರು. ದಾವೀದನದೂ ಪೇತ್ರನದೂ ಕ್ಷಮೆ ಸಿಗುವಂಥದ್ದೇ ಆಗಿತ್ತು, ತನ್ನದು ಮಾತ್ರ ಯೂದನದಕ್ಕೆ ಹತ್ತಿರ.

ಆ ದನಿ ಕಾಡುವ ಮೊದಲೇ ಅವರ ಕೈಗೆ ಸಿಕ್ಕಿದ್ದು ಲೂಥರ್ ಬರೆದ ಗಲಾತ್ಯದ ವ್ಯಾಖ್ಯಾನದ ಹಳೆಯ ಪ್ರತಿ, ಹಾಳೆ ತಿರುವಿದರೆ ಉದುರಿಹೋಗುವಷ್ಟು ಜೀರ್ಣವಾದದ್ದು. ತನ್ನ ಎದೆಯನ್ನೇ ನೋಡಿ ಬರೆದಂತಿದೆ ಎಂದು ಬನಿಯನ್ ಬೆರಗಾದರು. ಗಾಯಗೊಂಡ ಮನಸ್ಸಾಕ್ಷಿಗೆ ಬೈಬಲ್ ಬಿಟ್ಟರೆ ಇದಕ್ಕಿಂತ ಮೇಲಾದ ಪುಸ್ತಕವಿಲ್ಲ ಎಂದರು. ಮುಂದೊಮ್ಮೆ ಹೊಲದಲ್ಲಿ ನಡೆಯುತ್ತಿದ್ದಾಗ ಅವರಿಗೆ ಬಿಡುಗಡೆಯ ಅರಿವು ಬಂತು: ತನ್ನ ನೀತಿ ಸ್ವರ್ಗದಲ್ಲಿ, ಕ್ರಿಸ್ತನಲ್ಲಿದೆ. ಇಂದು ಮನಸ್ಸು ಹಗುರವಾದರೆ ಅದು ಹೆಚ್ಚುವುದಿಲ್ಲ, ನಾಳೆ ಭಾರವಾದರೆ ಕುಗ್ಗುವುದಿಲ್ಲ. ಈ ಇಡೀ ಪರಂಪರೆಯಲ್ಲಿ ಇದಕ್ಕಿಂತ ಬೆಲೆಯುಳ್ಳ ಸಾಲು ವಿರಳ. ಅವರಿಗೆ ಮೊದಲು ದಾರಿ ತೋರಿದ್ದು ಬಾಗಿಲಲ್ಲಿ ಕುಳಿತ ಹೆಂಗಸರ ಮಾತು, ಆಮೇಲೆ ನೂರು ವರ್ಷ ಹಿಂದೆಯೇ ತೀರಿಕೊಂಡ ಒಬ್ಬ ಜರ್ಮನ್ ಸನ್ಯಾಸಿಯ ಪುಸ್ತಕ. ಎರಡೂ ಹೊರಗಿನಿಂದ ಬಂದವು. ತನ್ನೊಳಗೆ ಹುಡುಕಿ ಅವರು ಏನನ್ನೂ ಪಡೆಯಲಿಲ್ಲ.

ಜರ್ಮನಿಯ ಪಯಟಿಸ್ಟ್ ಚಳವಳಿ ಈ ಹುಡುಕಾಟಕ್ಕೆ ಒಂದು ಅಚ್ಚುಕಟ್ಟಾದ ಕ್ರಮವನ್ನೇ ಕೊಟ್ಟುಬಿಟ್ಟಿತು. ಅಗಸ್ಟ್ ಹರ್ಮನ್ ಫ್ರಾಂಕೆ 1687ರಲ್ಲಿ ತಾವು ಹಾದುಬಂದ ಒಳಗಿನ ಹೋರಾಟವನ್ನು ಬರೆದಿಟ್ಟರು. ಹಾಲೆಯಲ್ಲಿ ಅವರ ಸುತ್ತ ಬೆಳೆದವರಿಗೆ ಅದೇ ಮಾದರಿಯಾಯಿತು. ಮೊದಲು ತೀವ್ರ ಪಾಪಪ್ರಜ್ಞೆ, ಆಮೇಲೆ ಹತಾಶೆ, ಆಮೇಲೆ ಬಿಡುಗಡೆ. ಹೆರ್ನ್‌ಹುಟ್ಟಿನ ಜಿಂಜೆಂಡಾರ್ಫ್ ಇದನ್ನು ವಿರೋಧಿಸಿದರು. ಬಾಲ್ಯದಿಂದಲೇ ಕ್ರಿಸ್ತನನ್ನು ಪ್ರೀತಿಸುತ್ತ ಬಂದ ಅವರಿಗೆ ಅಂಥದ್ದೊಂದು ದಿನ ಇರಲೇ ಇಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಆಮೇಲೆ ಬಂದ ಮೋಗ್ಲಿಂಗ್ ಮತ್ತು ಕಿಟೆಲ್ ಈ ಪಯಟಿಸ್ಟ್ ಮಣ್ಣಿನಿಂದಲೇ ಬಂದವರು. ಅವರು ಕನ್ನಡಕ್ಕೆ ನಿಘಂಟನ್ನೂ ಪತ್ರಿಕೆಯನ್ನೂ ಕೊಟ್ಟದ್ದನ್ನು ಎಲ್ಲರೂ ನೆನೆಯುತ್ತಾರೆ. ಒಳಗನ್ನು ನೋಡಿಕೊಳ್ಳುವ ಆ ಶಿಸ್ತು ಅವರೊಂದಿಗೆ ಕರಾವಳಿಯ ಸಭೆಗಳಿಗೂ ಬಂದಿತು ಎಂಬುದರ ಚರ್ಚೆ ಕಡಿಮೆ. ಇಂದಿಗೂ ಕರ್ನಾಟಕದ ಪ್ರಾರ್ಥನಾಕೂಟಗಳಲ್ಲಿ ‘ಸಾಕ್ಷಿ’ ಹೇಳಲು ನಿಂತವರು ಅಂದು ಹೀಗಿದ್ದೆ, ಈಗ ಹೀಗಾದೆ ಎಂದೇ ಶುರುಮಾಡುತ್ತಾರೆ. ಹಾಗೆ ಹೇಳಲು ಕಥೆಯಿಲ್ಲದ, ಹುಟ್ಟಿನಿಂದ ಸಭೆಯಲ್ಲೇ ಬೆಳೆದ ಹುಡುಗಿ ಹಿಂದಿನ ಸಾಲಿನಲ್ಲಿ ಕುಳಿತು ತನ್ನ ನಂಬಿಕೆಯನ್ನೇ ಸಂಶಯಿಸಿಕೊಳ್ಳುತ್ತಾಳೆ. ಆ ಸಂಶಯಕ್ಕೆ ಅವಳು ಕಾರಣಳಲ್ಲ, ಆ ಅಚ್ಚು ಕಾರಣ.

ಜಾನ್ ವೆಸ್ಲಿಯವರ ಕಥೆಯನ್ನು ಮೆಥಡಿಸ್ಟರು ಹೇಳುವ ರೀತಿಯಲ್ಲೂ ಇದೇ ಅಚ್ಚಿದೆ. 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದಕ್ಕೆ ಅವರು ಮನಸ್ಸಿಲ್ಲದ ಮನಸ್ಸಿನಿಂದ ಹೋದರು. ಯಾರೋ ರೋಮಾಪುರದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಓದುತ್ತಿದ್ದರು. ಒಂಬತ್ತಕ್ಕೆ ಕಾಲು ಗಂಟೆ ಇರುವಾಗ ಎದೆ ಬೆಚ್ಚಗಾಯಿತೆಂದು, ತನ್ನ ಪಾಪಗಳೂ ಹೋದವೆಂಬ ಭರವಸೆ ಬಂತೆಂದು ದಿನಚರಿಯಲ್ಲಿ ಬರೆದರು. ಕಥೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಅದೇ ದಿನಚರಿಯಲ್ಲಿ 1739ರ ಜನವರಿ 4ರಂದು, ತಾನಿನ್ನೂ ಕ್ರೈಸ್ತನೇ ಅಲ್ಲ ಎಂದೂ ಅವರು ಬರೆದಿದ್ದಾರೆ. ಮುಪ್ಪಿನಲ್ಲಿ ಆ ದಿನಚರಿಯನ್ನು ಮತ್ತೆ ಪ್ರಕಟಿಸುವಾಗ, ತನ್ನ ಹಿಂದಿನ ಸ್ಥಿತಿಯ ಬಗ್ಗೆ ಬರೆದಿದ್ದ ಕಠಿಣ ಮಾತುಗಳಿಗೆ ಟಿಪ್ಪಣಿ ಸೇರಿಸಿದರು: ಆಗಲೂ ತನ್ನಲ್ಲಿ ಆಳಿನ ನಂಬಿಕೆಯಿತ್ತು, ಮಗನ ನಂಬಿಕೆ ಮಾತ್ರ ಇರಲಿಲ್ಲ. ಖಾತ್ರಿ ಅನಿಸದವರನ್ನೂ ದೇವರು ಸ್ವೀಕರಿಸಬಲ್ಲರು ಎಂದು ಒಪ್ಪಿದ ಈ ಮುದುಕ ವೆಸ್ಲಿ ಮೇ 24ರ ವೆಸ್ಲಿಗಿಂತ ದೊಡ್ಡವರು.

ಇಪ್ಪತ್ತನೆಯ ಶತಮಾನದಲ್ಲಿ ಇಬ್ಬರು ಈ ಪರಂಪರೆಯ ಅಡಿಪಾಯವನ್ನೇ ಪ್ರಶ್ನಿಸಿದರು. ಸ್ವೀಡನ್ನಿನ ಕ್ರಿಸ್ಟರ್ ಸ್ಟೆಂಡಾಲ್ 1963ರ ತಮ್ಮ ಪ್ರಬಂಧದಲ್ಲಿ, ಪೌಲನಿಗೆ ಲೂಥರನಂಥ ಪೀಡಿತ ಮನಸ್ಸಾಕ್ಷಿ ಇರಲೇ ಇಲ್ಲ ಎಂದರು. ಧರ್ಮಶಾಸ್ತ್ರದ ಮಟ್ಟಿಗೆ ತಾನು ನಿರ್ದೋಷಿ ಎಂದು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಪೌಲನೇ ಹೇಳಿಕೊಂಡಿದ್ದಾನೆ. ಅವನನ್ನು ಕಾಡಿದ್ದು ಅನ್ಯಜನರು ಹೇಗೆ ಸೇರಬೇಕೆಂಬ ಪ್ರಶ್ನೆ. ಅಮೆರಿಕದ ವ್ಯಾಲರಿ ಸೇವಿಂಗ್ 1960ರಲ್ಲಿ ಇನ್ನೊಂದು ಕಡೆಯಿಂದ ಕೈಹಾಕಿದರು. ಅಹಂಕಾರವೇ ಮೂಲ ಪಾಪ ಎಂದವರೆಲ್ಲ ಗಂಡಸರು. ಮನೆಮಂದಿಗಾಗಿ ತನ್ನನ್ನೇ ಅಳಿಸಿಕೊಂಡ ಹೆಂಗಸಿಗೆ ಇನ್ನೂ ತಗ್ಗು ಎಂದರೆ ಅದು ಸುವಾರ್ತೆಯಾಗುವುದೇ? ಸ್ಟೆಂಡಾಲ್ ಮಾತನ್ನು ಒಪ್ಪಿದರೂ ಬನಿಯನ್ನರ ಸಂಕಟ ನಿಜವಾಗಿಯೇ ಉಳಿಯುತ್ತದೆ. ಸೇವಿಂಗ್ ಎತ್ತಿದ ಆಕ್ಷೇಪಕ್ಕೆ ಮಾತ್ರ ಪ್ರಸಂಗಪೀಠಗಳು ಸರಿಯಾದ ಉತ್ತರ ಕೊಟ್ಟಂತಿಲ್ಲ. ಕೃಪೆ ಕೆಲವರನ್ನು ಕೆಳಗಿಳಿಸಬೇಕು, ಕೆಲವರನ್ನು ಎಬ್ಬಿಸಿ ನಿಲ್ಲಿಸಬೇಕು. ಒಂದೇ ಪ್ರಸಂಗ ಎರಡನ್ನೂ ಮಾಡಲಾರದು.

‘ನನಗಾಗಿ’ ಎಂಬಲ್ಲೇ ನಿಂತುಬಿಡುವ ಅಪಾಯವೂ ಇದೆ, ಅದು ಇನ್ನೂ ಗಂಭೀರವಾದದ್ದು. 1748ರ ಮಾರ್ಚಿನ ಬಿರುಗಾಳಿಯಲ್ಲಿ ದೇವರನ್ನು ಕೂಗಿದ ನ್ಯೂಟನ್, ಅದಾದ ಮೇಲೆ ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನರಾಗಿ ಮೂರು ಬಾರಿ ಹೋದರು. ಮೇಲೆ ನಾವಿಕರಿಗೆ ಪ್ರಾರ್ಥನೆ ನಡೆಸಿದರು, ಕೆಳಗೆ ಸಂಕೋಲೆಯಲ್ಲಿ ಮನುಷ್ಯರಿದ್ದರು. 1754ರಲ್ಲಿ ಕಡಲು ಬಿಡಿಸಿದ್ದು ಕಾಯಿಲೆ, ಮನಸ್ಸಾಕ್ಷಿಯಲ್ಲ. ಆ ವ್ಯಾಪಾರದ ವಿರುದ್ಧ ತಮ್ಮ ಲಜ್ಜೆಯನ್ನು ಬಹಿರಂಗವಾಗಿ ಬರೆದದ್ದು 1788ರಲ್ಲಿ. ತನ್ನ ಪಾಪಕ್ಷಮೆಯನ್ನು ಅಷ್ಟು ಗಾಢವಾಗಿ ಸವಿದ ಮನುಷ್ಯನಿಗೆ ಕಾಲ ಕೆಳಗಿನವರು ಕಾಣಲು ಇಷ್ಟು ವರ್ಷ ಬೇಕಾಯಿತು. ಅದೇ 1788ರಲ್ಲಿ, ಕೃಪೆ ತನಗಿಲ್ಲವೆಂದು ನಂಬಿದ್ದ ಕೂಪರ್ ಕೂಡ ಗುಲಾಮಗಿರಿಯ ವಿರುದ್ಧ ಪದ್ಯಗಳನ್ನು ಬರೆದರು. ಭರವಸೆಯ ತೀವ್ರತೆಯಿಂದ ಯಾರ ಆತ್ಮವನ್ನೂ ಅಳೆಯಬಾರದು ಎನ್ನಲು ಈ ಇಬ್ಬರೇ ಸಾಕು. ನ್ಯೂಟನ್ನರ ದೊಡ್ಡತನವನ್ನೂ ಹೇಳಬೇಕು: ಕುಸಿದ ಗೆಳೆಯನನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ವಾದದಿಂದ ಗೆಲ್ಲಲಾಗದ ಕಡೆ ಅನ್ನ ಕೊಟ್ಟು ಜೊತೆಗಿದ್ದರು.

ಹಾಗಾದರೆ ಕೃಪೆಯನ್ನು ತನಗೆಂದು ಒಪ್ಪುವುದನ್ನು ಕಲಿಯುವುದೆಲ್ಲಿ? ಪರಂಪರೆ ತನ್ನ ಬಳಿಯೇ ಇದ್ದ ಉತ್ತರವನ್ನು ಕೈಬಿಟ್ಟಿತು. ಲೂಥರ್ ಖಾಸಗಿ ಪಾಪನಿವೇದನೆಯನ್ನು ಕಡ್ಡಾಯದಿಂದ ಬಿಡಿಸಿದರೇ ಹೊರತು ತೆಗೆದುಹಾಕಲಿಲ್ಲ. ಅದಿಲ್ಲದಿದ್ದರೆ ಸೈತಾನನು ತನ್ನನ್ನು ಎಂದೋ ಮುಗಿಸುತ್ತಿದ್ದ ಎಂದು 1522ರ ಪ್ರಸಂಗದಲ್ಲಿ ಹೇಳಿದರು. 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಕಟಣೆಯೂ ಅದನ್ನು ಉಳಿಸಿಕೊಳ್ಳಬೇಕೆಂದಿತು. ಆದರೂ ಕಾಲಕ್ರಮದಲ್ಲಿ ಹೆಚ್ಚಿನ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಅದು ಮರೆಯಾಯಿತು. ಎಲ್ಲರೂ ಒಟ್ಟಾಗಿ ಓದುವ ನಿವೇದನೆ, ಎಲ್ಲರಿಗೂ ಒಟ್ಟಾಗಿ ಸಾರುವ ಕ್ಷಮೆ ಉಳಿಯಿತು. ಆ ‘ಎಲ್ಲರಲ್ಲಿ’ ತಾನು ಸೇರಿಲ್ಲ ಎನ್ನುವವರಿಗೆ ಅದು ತಲುಪುವುದೇ ಇಲ್ಲ.

ಜರ್ಮನಿಯ ಬೋಧಕ ಡೀಟ್ರಿಚ್ ಬಾನ್‌ಹಾಫರ್ ಇದನ್ನು ಕಂಡರು. 1935ರಿಂದ 1937ರವರೆಗೆ, ಗೆಸ್ಟಪೊ ಬಂದು ಮುಚ್ಚುವ ತನಕ, ಫಿಂಕೆನ್‌ವಾಲ್ಡೆಯಲ್ಲಿ ಅವರು ನಡೆಸಿದ ಬೋಧಕರ ತರಬೇತಿಯಲ್ಲಿ ಒಬ್ಬರಿಗೊಬ್ಬರು ಪಾಪನಿವೇದನೆ ಮಾಡಿಕೊಳ್ಳುವ ರೂಢಿಯನ್ನು ತಂದರು. ಕೇಳಿದ ಯುವಕರು ಕಸಿವಿಸಿಗೊಂಡರು. 1939ರ ತಮ್ಮ ಪುಸ್ತಕದಲ್ಲಿ ಅವರು ಕೊಟ್ಟ ಕಾರಣ ನೇರವಾದದ್ದು: ಕೋಣೆಯಲ್ಲಿ ಒಬ್ಬನೇ ನಿವೇದಿಸುವವನು ತನಗೆ ತಾನೇ ಹೇಳಿಕೊಂಡು ತಾನೇ ಕ್ಷಮಿಸಿಕೊಳ್ಳುತ್ತಿರಬಹುದು. ಎದುರಿಗಿರುವ ಸಹೋದರನ ಬಾಯಿಂದ ಬಂದ ಮಾತಿಗೆ, ತನ್ನ ಹೃದಯದ ಮಾತಿಗಿಲ್ಲದ ಬಲವಿದೆ. ಕೃಪೆಯನ್ನು ಅಗ್ಗ ಮಾಡಬೇಡಿ ಎಂಬ ಅವರ 1937ರ ಎಚ್ಚರಿಕೆಯನ್ನು ಉದ್ಧರಿಸುವವರು ಬಹಳ. ಕೃಪೆಯನ್ನು ನಂಬಲಾಗದವರಿಗಾಗಿ ಅವರು ಬರೆದ ಈ ಪುಟಗಳನ್ನು ನೆನೆಯುವವರು ಕಡಿಮೆ.

ಇದಕ್ಕೆ ಆಕ್ಷೇಪವಿದೆ, ಅದು ಹಗುರವಾದದ್ದೂ ಅಲ್ಲ. ಒಬ್ಬರ ಗುಟ್ಟು ಇನ್ನೊಬ್ಬರ ಕೈಗೆ ಸಿಕ್ಕರೆ ಅದು ಅಧಿಕಾರವಾಗುತ್ತದೆ. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರಿನ ಸಭೆಯಲ್ಲಿ ಆ ಭಯ ಇನ್ನೂ ಹೆಚ್ಚು. ಬಾನ್‌ಹಾಫರ್ ಇದನ್ನೂ ಯೋಚಿಸಿದ್ದರು. ಒಬ್ಬನೇ ಎಲ್ಲರ ನಿವೇದನೆ ಕೇಳುವುದು ಅಪಾಯ ಎಂದರು. ತಾನೂ ಇನ್ನೊಬ್ಬರ ಮುಂದೆ ನಿವೇದಿಸುವವನು ಮಾತ್ರ ಕೇಳಬೇಕು ಎಂದು ಕಟ್ಟು ಹಾಕಿದರು. ಈ ಕಟ್ಟಿನೊಂದಿಗೆ ಆ ರೂಢಿಯನ್ನು ಮರಳಿ ತರಲು ಯಾವ ಪ್ರಾಟೆಸ್ಟೆಂಟ್ ಸಭೆಗೂ ಹೊಸ ಸಿದ್ಧಾಂತ ಬೇಕಿಲ್ಲ. ಬೇಕಿರುವುದು ವಾರದಲ್ಲಿ ಒಂದು ಗಂಟೆ, ಮುಚ್ಚಿದ ಬಾಗಿಲ ಒಂದು ಕೋಣೆ, ಮತ್ತು ಮೊದಲು ತಾನೇ ಹೋಗಿ ಇನ್ನೊಬ್ಬರ ಮುಂದೆ ಕುಳಿತುಕೊಳ್ಳುವ ಬೋಧಕ.