ಕಳ್ಳನಾಗಿದ್ದರೆ ಕೊಲ್ಲಬಹುದಿತ್ತೆ? ‘ಬುಧನ್’ ನಾಟಕದ ಸುತ್ತ

ನಮ್ಮ ವಿಮರ್ಶಕರಿಗೆ ನಾಟಕವೆಂದರೆ ರಂಗಮಂದಿರ, ಬೆಳಕು, ಟಿಕೇಟು. ಪೊಲೀಸರು ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ಒದೆಯುವ ಓಣಿಯಲ್ಲಿ, ಆ ಏಟು ತಿಂದ ಮನೆಗಳ ಹುಡುಗ ಹುಡುಗಿಯರೇ ಆಡುವ ನಾಟಕವನ್ನು ಯಾವ ಕೋಲಿನಿಂದ ಅಳೆಯುವುದು ಎಂಬುದು ಅವರಿಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ಗರಜೂ ಅವರಿಗಿಲ್ಲ. ಅಹಮದಾಬಾದಿನ ಛಾರಾನಗರದ ‘ಬುಧನ್’ ಅಂಥ ನಾಟಕ. ೧೯೯೮ರ ಆಗಸ್ಟ್ ೩೧ರಂದು ಮೊದಲ ಸಲ ಆಡಿದ್ದು. ಅದು ಎತ್ತಿದ ಪ್ರಶ್ನೆಗೆ ಈ ದೇಶ ಇನ್ನೂ ಉತ್ತರ ಕೊಟ್ಟಿಲ್ಲ.

ಕತೆ ಕಟ್ಟಿದ್ದಲ್ಲ, ನಡೆದದ್ದು. ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯ ಖೇರಿಯಾ ಶಬರ ಬುಡಕಟ್ಟಿನ ಬುಧನ್ ಶಬರ ಬುಟ್ಟಿ ಹೆಣೆದು ಬದುಕುತ್ತಿದ್ದ. ೧೯೯೮ರ ಫೆಬ್ರವರಿ ೧೦ರಂದು ಹೆಂಡತಿ ಶ್ಯಾಮಲಿಯ ಕಣ್ಣೆದುರೇ ಬಾರಾಬಜಾರ್ ಠಾಣೆಯವರು ಅವನನ್ನು ಹಿಡಿದೊಯ್ದರು. ಒಂದು ವಾರದಲ್ಲಿ ಅವನು ಹೆಣವಾಗಿದ್ದ. ಜೈಲಿನಲ್ಲಿ ತನ್ನ ಮೈಮೇಲಿನ ವಸ್ತ್ರದಿಂದಲೇ ನೇಣು ಹಾಕಿಕೊಂಡ ಎಂಬುದು ಸರಕಾರದ ಕಾಗದ ಹೇಳಿದ ಮಾತು. ಮಹಾಶ್ವೇತಾ ದೇವಿಯವರ ಮುಂದಾಳತ್ವದ ಶಬರ ಕಲ್ಯಾಣ ಸಮಿತಿ ಕಲ್ಕತ್ತಾ ಹೈಕೋರ್ಟಿಗೆ ಹೋಯಿತು. ಅದೇ ವರ್ಷ ನ್ಯಾಯಮೂರ್ತಿ ರುಮಾ ಪಾಲ್ ಅವರು ಸಿಬಿಐ ತನಿಖೆಗೆ, ಪರಿಹಾರಕ್ಕೆ ಆದೇಶ ಕೊಟ್ಟರು.

ಪುರುಲಿಯಾದ ಸಾವನ್ನು ಗುಜರಾತಿನ ಛಾರಾಗಳು ಯಾಕೆ ತಮ್ಮದು ಮಾಡಿಕೊಂಡರು? ಇಬ್ಬರ ಹಣೆಯ ಮೇಲೂ ಒಂದೇ ಬರೆ ಇದೆ. ೧೮೭೧ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಇಡೀ ಇಡೀ ಜಾತಿಗಳನ್ನೇ ಹುಟ್ಟುಗಳ್ಳರೆಂದು ಬರೆಸಿತು. ಹಾಜರಿ ಹಾಕಿಸಿತು, ಬೇಲಿಯೊಳಗೆ ಕೂಡಿಹಾಕಿತು. ಛಾರಾನಗರ ಹುಟ್ಟಿದ್ದೇ ಅಂಥ ಬೇಲಿಯ ಬಸ್ತಿಯಿಂದ. ದೂರದ ಮಾತು ಅಂದುಕೊಳ್ಳಬೇಡಿ. ನಮ್ಮ ಹುಬ್ಬಳ್ಳಿಯಲ್ಲಿ ಇವತ್ತಿಗೂ ‘ಸೆಟ್ಲಮೆಂಟ್’ ಎಂದೇ ಕರೆಸಿಕೊಳ್ಳುವ ಜಾಗ ಇದೆ. ಆ ಹೆಸರು ಬಂದದ್ದು ಇದೇ ಕಾಯಿದೆಯಿಂದ. ಕಾಯಿದೆ ರದ್ದಾದದ್ದು ೧೯೫೨ರ ಆಗಸ್ಟ್ ೩೧ರಂದು. ನಾಟಕದ ತಾರೀಖೂ ಅದೇ ಎಂಬುದನ್ನು ಗಮನಿಸಿ. ಆದರೆ ಹಳೇ ಕಾಯಿದೆ ಸತ್ತಮೇಲೆ ರಾಜ್ಯ ರಾಜ್ಯಗಳಲ್ಲೂ ‘ರೂಢಿಗತ ಅಪರಾಧಿ’ ಕಾಯಿದೆಗಳು ಹುಟ್ಟಿದವು. ಹಾವು ಪೊರೆ ಬಿಟ್ಟಿತು, ಹಲ್ಲು ಬಿಡಲಿಲ್ಲ.

ನಾಟಕಕ್ಕೆ ಪರದೆಯಿಲ್ಲ, ಸಾಮಾನಿಲ್ಲ. ನಟರ ಮೈಗಳೇ ಠಾಣೆ, ಜೈಲು, ಕೋರ್ಟು. ಕೊನೆಗೆ ನಟರು ನೋಡುವವರ ಕಡೆ ತಿರುಗಿ, ನಾವೂ ಈ ದೇಶದ ಮನುಷ್ಯರಲ್ಲವೇ ಎಂಬ ಅರ್ಥದ ಮಾತು ಕೇಳುತ್ತಾರೆ. ಬಿಹಾರದ ಬೆಲ್ಚಿಯಲ್ಲಿ ೧೯೭೭ರಲ್ಲಿ ನಡೆದ ಹತ್ಯಾಕಾಂಡವನ್ನು ನಮ್ಮ ‘ಸಮುದಾಯ’ದವರು ಬೀದಿನಾಟಕ ಮಾಡಿದ್ದು ದೊಡ್ಡ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ನೊಂದವರ ಪರವಾಗಿ ಬೇರೆಯವರು ಆಡಿದರು. ಇಲ್ಲಿ ಏಟಿನ ದೃಶ್ಯ ಆಡುವವನಿಗೆ ಏಟು ಕೇಳಿ ಗೊತ್ತಿರುವ ಸುದ್ದಿಯಲ್ಲ, ಅವನ ಅಪ್ಪನ ಬೆನ್ನಿನ ಮೇಲಿರುವ ಗುರುತು. ಪೊಲೀಸನ ಪಾತ್ರಕ್ಕೆ ಅವನು ತಾಲೀಮು ಮಾಡಬೇಕಾಗಿಲ್ಲ. ಅಭಿನಯ ಒರಟಾಗಿದೆ, ಮಾತಿನಲ್ಲಿ ಸೂಕ್ಷ್ಮವಿಲ್ಲ ಎನ್ನುವವರು ಈ ವ್ಯತ್ಯಾಸವನ್ನು ಮೊದಲು ಅರ್ಥ ಮಾಡಿಕೊಳ್ಳಲಿ.

ಇಷ್ಟು ಒಪ್ಪಿಕೊಂಡ ಮೇಲೆ ಎರಡು ತಕರಾರು ಹೇಳಲೇಬೇಕು. ನಮ್ಮವರ ನಾಟಕವೆಂದು ಬೆನ್ನು ತಟ್ಟಿ ಸುಮ್ಮನಾಗುವುದು ವಿಮರ್ಶೆಯಲ್ಲ.

ಮೊದಲನೆಯದು. ನಾಟಕದ ತೂಕವೆಲ್ಲ ಬುಧನ್ ನಿರಪರಾಧಿ ಎಂಬುದರ ಮೇಲೆ ನಿಂತಿದೆ. ಅವನು ಕದ್ದಿಲ್ಲ, ಆದ್ದರಿಂದ ಅವನನ್ನು ಬಡಿದದ್ದು ಅನ್ಯಾಯ. ಸರಿ. ಕದ್ದಿದ್ದರೆ? ಕದ್ದಿದ್ದರೆ ಬಡಿದು ಸಾಯಿಸಬಹುದಿತ್ತೆ? ಮಧ್ಯಮವರ್ಗದವನು ಅಳುವುದು ನಿರಪರಾಧಿಗೆ ಮಾತ್ರ. ಅವನ ಕಣ್ಣೀರಿಗೆ ಶುದ್ಧವಾದ ಹೆಣ ಬೇಕು. ೨೦೨೧ರ ‘ಜೈ ಭೀಮ್’ ಸಿನಿಮಾ ನೋಡಿ ಅತ್ತವರೂ ಇದೇ ಲೆಕ್ಕದಲ್ಲಿ ಅತ್ತರು. ಇದಕ್ಕೆ ಉತ್ತರ ಛಾರಾನಗರದಲ್ಲೇ ಇದೆ. ನಮ್ಮ ಹಿರಿಯರು ಕದ್ದರು, ಪಾನನಿಷೇಧದ ಗುಜರಾತಿನಲ್ಲಿ ಸಾರಾಯಿ ಕಾಯಿಸಿದರು, ಬೇರೆ ಕೆಲಸ ನಮಗೆ ಯಾರು ಕೊಟ್ಟರು ಎಂದು ಆ ಬಸ್ತಿಯ ಕಲಾವಿದರೇ ಹೊರಗೆ ನಿಂತು ಎದೆಯೆತ್ತಿ ಕೇಳಿದ್ದಾರೆ. ಆ ಮಾತು ‘ಬುಧನ್’ ನಾಟಕದೊಳಗೆ ಇದೇ ಗಟ್ಟಿತನದಲ್ಲಿ ಬಂದಿದ್ದರೆ ನೋಡುವವನಿಗೆ ಕರುಣೆಯ ಹಾದಿ ಮುಚ್ಚಿ ನ್ಯಾಯದ ಹಾದಿ ಒಂದೇ ಉಳಿಯುತ್ತಿತ್ತು. ಕಾನೂನು ಇರುವುದು ಕದ್ದವನಿಗೂ.

ಎರಡನೆಯದು. ನಾಟಕದಲ್ಲಿ ನ್ಯಾಯ ಬರುವುದು ಕೋರ್ಟಿನ ಬಾಯಿಂದ. ಆದರೆ ಕೋರ್ಟಿನ ತನಕ ಆ ಹೆಣವನ್ನು ತಲುಪಿಸಿದವರು ಯಾರು? ಸುಟ್ಟುಬಿಟ್ಟರೆ ಸಾಕ್ಷಿಯೇ ಇರುವುದಿಲ್ಲವೆಂದು ಸಮಿತಿಯವರು, ಮನೆಯವರು ಸೇರಿ ಹೆಣವನ್ನು ಹೂತಿಟ್ಟು, ಪೊಲೀಸರ ಕಣ್ಣಿಗೆ ಬರೀ ಬೊಂಬೆ ಸುಟ್ಟರು. ಅದರಿಂದಲೇ ಎರಡನೇ ಸಲ ಶವಪರೀಕ್ಷೆ ಸಾಧ್ಯವಾಯಿತು. ಅಕ್ಷರ ಕಲಿಯದ ಜನ ಪ್ರಭುತ್ವಕ್ಕಿಂತ ಒಂದು ಹೆಜ್ಜೆ ಮುಂದೆ ಯೋಚಿಸಿದ ಗಳಿಗೆ ಅದು. ನಾಟಕದ ನಡುಗಂಬ ಅದಾಗಬೇಕಿತ್ತು. ಶ್ಯಾಮಲಿ ಅಳುವ ಹೆಂಡತಿಯಷ್ಟೇ ಆಗಿ ಉಳಿಯಬಾರದಿತ್ತು, ಅವಳು ಫಿರ್ಯಾದಿ.

ಆದರೆ ನಾಟಕದ ಕೆಲಸ ಆಟದ ಜೊತೆ ಮುಗಿಯಲಿಲ್ಲ ಎಂಬುದೂ ಅಷ್ಟೇ ನಿಜ. ಗಣೇಶ ದೇವಿಯವರು ಮತ್ತು ಮಹಾಶ್ವೇತಾ ದೇವಿಯವರ ಒತ್ತಾಸೆಯಿಂದ ಛಾರಾನಗರದಲ್ಲಿ ಮೊದಲು ತೆರೆದದ್ದು ಪುಸ್ತಕಾಲಯ, ನಾಟಕ ಬಂದದ್ದು ಅದರೊಳಗಿಂದ. (ಈ ದೇವಿಯವರು ಕಲಬುರ್ಗಿಯವರ ಕೊಲೆಯ ನಂತರ, ೨೦೧೬ರಲ್ಲಿ ಧಾರವಾಡಕ್ಕೆ ಬಂದು ನೆಲೆಸಿದವರು.) ಮಹಾರಾಷ್ಟ್ರದ ಪಾರ್ಧಿ ಪಿನ್ಯಾ ಹರಿ ಕಾಳೆಯ ಸಾವಿನ ಬಗ್ಗೆಯೂ ತಂಡ ನಾಟಕ ಮಾಡಿತು. ಪೊಲೀಸರ ಮುಂದೆಯೇ ಆಡಿತು. ಬಸ್ತಿಯ ಮಕ್ಕಳು ವಕೀಲರಾದರು, ಪತ್ರಕರ್ತರಾದರು. ಹಾಗಂತ ಲಾಠಿ ನಿಂತಿತೇ? ೨೦೧೮ರ ಜುಲೈ ೨೬ರ ರಾತ್ರಿ ಪೊಲೀಸರು ಮತ್ತೆ ಛಾರಾನಗರಕ್ಕೆ ನುಗ್ಗಿದರು. ವಕೀಲ, ಪತ್ರಕರ್ತ ಎಂದು ನೋಡದೆ ಬಡಿದರು, ಗಾಡಿ ಒಡೆದರು ಎಂದು ಬಸ್ತಿಯವರು ದೂರಿದರು. ವ್ಯತ್ಯಾಸ ಇಷ್ಟೇ. ಈ ಸಲ ದೂರು ಬರೆಯುವ ಕೈಗಳು ಬಸ್ತಿಯಲ್ಲೇ ಇದ್ದವು. ಅದು ಸಣ್ಣ ವ್ಯತ್ಯಾಸವಲ್ಲ.

ಸರಕಾರದ್ದೇ ಲೆಕ್ಕ ನೋಡಿ. ೨೦೨೨ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು ೫,೭೩,೨೨೦ ಮಂದಿ. ಅವರಲ್ಲಿ ೪,೩೪,೩೦೨ ಮಂದಿ ವಿಚಾರಣೆಯೇ ಮುಗಿಯದವರು. ನಾಲ್ಕರಲ್ಲಿ ಮೂವರು! ಜಾಮೀನಿಗೆ ದುಡ್ಡಿಲ್ಲ, ಶ್ಯೂರಿಟಿ ಕೊಡಲು ಹೊಲವಿಲ್ಲ ಎಂಬುದೇ ಎಷ್ಟೋ ಜನರ ನಿಜವಾದ ಅಪರಾಧ. ಒಳಗೂ ಜಾತಿ ಬಿಡಲಿಲ್ಲ. ಅಡಿಗೆ ಯಾರು ಮಾಡಬೇಕು, ಕಕ್ಕಸು ಯಾರು ಬಳಿಯಬೇಕು ಎಂದು ಜಾತಿ ನೋಡಿ ಹಂಚುವ ಜೈಲು ನಿಯಮಗಳನ್ನು ಸುಪ್ರೀಂ ಕೋರ್ಟು ರದ್ದು ಮಾಡಿದ್ದು ೨೦೨೪ರ ಅಕ್ಟೋಬರ್ ೩ರಂದು, ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ. ವಿಮುಕ್ತ ಬುಡಕಟ್ಟುಗಳವರನ್ನು ಮನಬಂದಂತೆ ಹಿಡಿಯಬಾರದೆಂದೂ ಅದೇ ತೀರ್ಪು ಪೊಲೀಸರಿಗೆ ಹೇಳಿದೆ.

ತೀರ್ಪು ತಾನಾಗಿ ಹಟ್ಟಿಗೆ ನಡೆದು ಬರುವುದಿಲ್ಲ. ಹಿಡಿದವನನ್ನು ೨೪ ತಾಸಿನೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಬಂಧನದ ಕಾಗದ ಬರೆಯಬೇಕು. ಅದಕ್ಕೆ ಮನೆಯವರೊಬ್ಬರು ಇಲ್ಲವೇ ಊರಿನ ಮರ್ಯಾದಸ್ಥರೊಬ್ಬರು ಸಾಕ್ಷಿ ಹಾಕಬೇಕು. ಇದು ೧೯೯೬ರ ಡಿ.ಕೆ. ಬಸು ತೀರ್ಪಿನಿಂದ ಇರುವ ನಿಯಮ. ಊರಿನ ಮೇಷ್ಟ್ರಿಗಿಂತ ಮರ್ಯಾದಸ್ಥರು ಬೇಕೇ? ಠಾಣೆಗೆ ಹೋಗಿ ನಿಂತು ಕಾಗದ ಎಲ್ಲಿ ಎಂದು ಕೇಳುವ ಒಬ್ಬ ಮೇಷ್ಟ್ರು, ಉಚಿತ ವಕೀಲರಿಗೆ ಅರ್ಜಿ ಬರೆದುಕೊಡುವ ಒಬ್ಬ ವಿದ್ಯಾರ್ಥಿ ಇದ್ದರೆ ಎಷ್ಟೋ ರಾತ್ರಿಗಳು ಬೇರೆ ಆಗುತ್ತವೆ.

‘ಬುಧನ್’ ಮಾದರಿಯ ನಾಟಕ ನಮ್ಮ ಹಟ್ಟಿ, ತಾಂಡಾ, ಸೆಟ್ಲಮೆಂಟುಗಳಲ್ಲಿ ಬರಬೇಕು. ಬುಧನನ ಕತೆ ಅಲ್ಲ, ನಮ್ಮ ನಮ್ಮ ಠಾಣೆಯ ಕತೆ, ಅಲ್ಲಿಯವರೇ ಆಡಬೇಕು. ಅದರಲ್ಲಿ ಕದ್ದವನೂ ಬರಲಿ. ಸಾಕ್ಷಿ ಹಾಕಲು ಹೋದ ಮೇಷ್ಟ್ರೂ ಬರಲಿ, ಹೋಗದೆ ಮನೆಯಲ್ಲೇ ಕೂತ ಮೇಷ್ಟ್ರೂ ಬರಲಿ. ತರಗತಿಯಲ್ಲಿ ಪೆನ್ಸಿಲು ಕಳೆದ ದಿನ ಮೊದಲು ಯಾವ ಹುಡುಗನ ಚೀಲ ಝಾಡಿಸುತ್ತೇವೆ ಎಂಬಲ್ಲಿಂದಲೇ ಆಟ ಸುರುವಾಗಲಿ.