ಬಿಚ್ಚಿ ಕಟ್ಟುವವರು

ಹಳೆಯ ಉಗಿ ಇಂಜಿನ್ ಉಳಿಸಿಕೊಳ್ಳಲು ಎರಡು ದಾರಿಗಳಿವೆ. ಬಣ್ಣ ಬಳಿದು, ಸುತ್ತ ಸರಪಳಿ ಕಟ್ಟಿ ನಿಲ್ಲಿಸುವುದು ಒಂದು. ಬೆಂಕಿ ಹಾಕಿ ಓಡಿಸುತ್ತ, ಸವೆದದ್ದನ್ನು ಬಿಚ್ಚಿ ಮತ್ತೆ ಕಟ್ಟುತ್ತ ಹೋಗುವುದು ಇನ್ನೊಂದು. ನನ್ನ ಮನಸ್ಸು ಒಲಿದಿರುವುದು ಎರಡನೆಯದಕ್ಕೆ. ಅದಕ್ಕೆ ಸಂಬಳ ಕೇಳದೆ, ಚಳಿ ಮಳೆ ಎನ್ನದೆ ಬಂದು ಮೈಕೈ ಮಸಿ ಮಾಡಿಕೊಳ್ಳುವ ಜನ ಬೇಕು. ಅಂಥವರಿಂದಲೇ ರೈಲು ನಡೆಸಬಹುದೆಂದು ಜಗತ್ತಿಗೆ ಮೊದಲು ತೋರಿಸಿಕೊಟ್ಟದ್ದು ವೇಲ್ಸ್‌ನ ಟಾಲಿಲ್ಲಿನ್ ರೈಲ್ವೆ.

ಬೆಟ್ಟದ ಗಣಿಯಿಂದ ಸ್ಲೇಟು ಕಲ್ಲನ್ನು ಕರಾವಳಿಯ ಟವಿನ್ ಊರಿಗೆ ಇಳಿಸಲು 1860ರ ದಶಕದಲ್ಲಿ ಹಾಕಿದ ಹಳಿ ಅದು. ಅಗಲ ಬರೀ 2 ಅಡಿ 3 ಅಂಗುಲ. ಗಣಿ ಮುಚ್ಚಿದರೂ ತಾನು ಬದುಕಿರುವವರೆಗೆ ರೈಲು ನಿಲ್ಲಿಸುವುದಿಲ್ಲವೆಂದು ಮಾತು ಕೊಟ್ಟಿದ್ದ ಮಾಲೀಕ ಸರ್ ಹೆನ್ರಿ ಹೇಡನ್ ಜೋನ್ಸ್ 1950ರಲ್ಲಿ ತೀರಿಕೊಂಡರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಲೇಖಕ ಟಾಮ್ ರೋಲ್ಟ್ ಮತ್ತು ಗೆಳೆಯರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಭೆ ಕರೆದು, ಈ ರೈಲನ್ನು ನಾವೇ ನಡೆಸೋಣ ಎಂದರು. 1951ರ ಮೇ 14ರಂದು ಅವರ ಮೊದಲ ರೈಲು ಹೊರಟಿತು.

ಆಗ ಓಡಬಲ್ಲ ಇಂಜಿನ್ ಇದ್ದದ್ದು ಒಂದೇ, 1866ರ ‘ಡೋಲ್ಗೋಖ್’. ಪಕ್ಕದ ಕಾರಿಸ್ ರೈಲ್ವೆ ಮುಚ್ಚಿದ್ದರಿಂದ, ಅದೇ ಅಗಲದ ಹಳಿಯ ಎರಡು ಇಂಜಿನುಗಳು ತಲಾ 25 ಪೌಂಡಿಗೆ ಸಿಕ್ಕವು. ಅದೃಷ್ಟ ಎಂದುಕೊಳ್ಳುವಷ್ಟರಲ್ಲಿ ಅವುಗಳಲ್ಲೊಂದು ಹಳಿ ತಪ್ಪತೊಡಗಿತು. ಸ್ಲೀಪರುಗಳು ಕೊಳೆತಿದ್ದವು, ಹಳಿಗಳ ನಡುವಿನ ಅಂತರ ಇರಬೇಕಾದದ್ದಕ್ಕಿಂತ ಅಗಲವಾಗಿತ್ತು. ಈ ಇಂಜಿನ್ನಿನ ಚಕ್ರದ ಪಟ್ಟಿಯೋ ಸಪೂರ. ಇಂಜಿನ್ ಕಾಪಾಡಲು ಬಂದವರು ಮೊದಲು ಗುದ್ದಲಿ ಹಿಡಿದು ಹುಲ್ಲು ಕೆತ್ತಿ, ಸ್ಲೀಪರ್ ಬದಲಿಸಬೇಕಾಯಿತು. ಹಳಿಯನ್ನು ಮರೆತು ಇಂಜಿನ್ನನ್ನು ಮಾತ್ರ ಪ್ರೀತಿಸಲು ಆಗುವುದಿಲ್ಲವೆಂಬುದು ಅವರು ಕಲಿತ ಮೊದಲ ಪಾಠ.

ಈ ಕಾಯಕದ ಹೃದಯ ಇರುವುದು ಬಾಯ್ಲರಿನಲ್ಲಿ. ಬ್ರಿಟನ್ನಿನ ಪಾರಂಪರಿಕ ರೈಲುಗಳಲ್ಲಿ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಅದನ್ನು ಚೌಕಟ್ಟಿನಿಂದ ಎತ್ತಿ, ಒಳಗಿನ ಕೊಳವೆಗಳನ್ನೆಲ್ಲ ತೆಗೆದು ನೋಡುತ್ತಾರೆ. ಬೆಂಕಿ ಉರಿಯುವ ಫೈರ್‌ಬಾಕ್ಸಿನ ಗೋಡೆಗೂ ಹೊರಗೋಡೆಗೂ ನಡುವೆ, ಎರಡನ್ನೂ ಹಿಡಿದಿಡುವ ನೂರಾರು ಸ್ಟೇ ಬೋಲ್ಟುಗಳಿರುತ್ತವೆ. ತುಂಡಾದವನ್ನು ಪತ್ತೆಹಚ್ಚಿ ಹೊಸದು ಕೂರಿಸಬೇಕು. ಕಟ್ಟಿ ಮುಗಿದ ಮೇಲೆ ಮೊದಲ ಪರೀಕ್ಷೆ ತಣ್ಣೀರಿನದು. ನೀರು ಹೆಚ್ಚು ಕುಗ್ಗದ ಕಾರಣ, ಒತ್ತಡಕ್ಕೆ ಎಲ್ಲಾದರೂ ಬಿರುಕು ಬಿಟ್ಟರೆ ಸೋರುತ್ತದೆ, ಸಿಡಿಯುವುದಿಲ್ಲ. ಅದು ಪಾಸಾದರೆ ಮಾತ್ರ ಉಗಿಯ ಪರೀಕ್ಷೆ. ಇನ್‌ಸ್ಪೆಕ್ಟರ್ ಒಪ್ಪಿದರೆ ಇಂಜಿನ್ ಹಳಿಗೆ.

ಅಲ್ಲಿಂದಾಚೆಗೂ ಬಿಡುವಿಲ್ಲ. ಬೋರ್‌ವೆಲ್ ನೀರು ಕಾಯಿಸಿದ ಹಂಡೆಯಲ್ಲಿ ಕಟ್ಟುವ ಬಿಳಿ ಪದರದಂತೆ ಬಾಯ್ಲರಿನೊಳಗೂ ಪದರ ಕಟ್ಟುತ್ತದೆ. ಆಗಾಗ ತೊಳೆಯದಿದ್ದರೆ ಲೋಹ ಮಿತಿಮೀರಿ ಕಾದು ಹಾಳಾಗುತ್ತದೆ. ತಣ್ಣಗಿನ ಇಂಜಿನ್ನಿಗೆ ಅವಸರದಲ್ಲಿ ಬೆಂಕಿ ಹಾಕುವಂತಿಲ್ಲ. ಒಂದು ಭಾಗ ಬೇಗ ಹಿಗ್ಗಿ ಇನ್ನೊಂದು ಹಿಂದುಳಿದರೆ ಬೆಸುಗೆ, ಬೋಲ್ಟುಗಳು ಸೋರುತ್ತವೆ. ಹಾಗಾಗಿ ಬೆಳಗಿನ ರೈಲಿಗೆ ಇನ್ನೂ ಕತ್ತಲಿರುವಾಗಲೇ ಒಬ್ಬರು ಎದ್ದು ಬಂದಿರುತ್ತಾರೆ. ಹೊಸಬರು ಒರೆಸುವ ಬಟ್ಟೆಯಿಂದ ಶುರುಮಾಡಿ, ವರ್ಷಗಳ ನಂತರ ಸಲಿಕೆ ಹಿಡಿದು ಫೈರ್‌ಮನ್ ಆಗುತ್ತಾರೆ. ಡ್ರೈವರ್ ಆಗುವುದು ಇನ್ನೂ ಎಷ್ಟೋ ವರ್ಷಗಳ ಮೇಲೆ. ಈ ಕ್ರಮದಲ್ಲಿ ಅರ್ಥವಿದೆ. ಇಂಜಿನ್ನಿನ ಮೈಯನ್ನು ಇಂಚಿಂಚು ಒರೆಸಿದವರಿಗೆ ಎಲ್ಲಿ ಬಿರುಕು, ಎಲ್ಲಿ ಸಡಿಲ ಎಂಬುದು ಬೆರಳಿಗೇ ಗೊತ್ತಾಗುತ್ತದೆ.

ಹೀಗೆ ಬಿಡಿಭಾಗ ಬದಲಿಸುತ್ತ ಹೋದರೆ ಹಳೆಯದು ಉಳಿದದ್ದೆಷ್ಟು ಎಂದು ಕೇಳುವವರಿದ್ದಾರೆ. ಡೋಲ್ಗೋಖ್ ಕೂಡ 1963ರಲ್ಲಿ ಹೊಸ ಬಾಯ್ಲರ್ ಹೊತ್ತು ಕೆಲಸಕ್ಕೆ ಮರಳಿತು. ನನ್ನ ಮಟ್ಟಿಗೆ ಅದರಿಂದ ನಷ್ಟವೇನೂ ಆಗಿಲ್ಲ. ಉಗಿ ಇಂಜಿನ್ ಹುಟ್ಟಿದ್ದೇ ದುರಸ್ತಿಯಾಗುತ್ತ ಬಾಳಲು. ರೈಲ್ವೆಯವರೇ ಓಡಿಸುತ್ತಿದ್ದ ಕಾಲದಲ್ಲೂ ಬಾಯ್ಲರು, ಚಕ್ರದ ಪಟ್ಟಿಗಳು ಬದಲಾಗುತ್ತಿದ್ದವು. ನಿಜವಾಗಿ ಅಳಿದುಹೋಗುವ ಭಯವಿರುವುದು ಕೈಗಳಲ್ಲಿರುವ ತಿಳಿವಳಿಕೆಗೆ. ರಿವೆಟ್ ಎಷ್ಟು ಕೆಂಪಾದಾಗ ಬಡಿಯಬೇಕು, ಏರು ಬರುವ ಮುನ್ನ ಎಷ್ಟು ಕಲ್ಲಿದ್ದಲು ಎಲ್ಲಿಗೆ ಎಸೆಯಬೇಕು ಎಂಬುದನ್ನು ಪುಸ್ತಕ ಅರ್ಧ ಹೇಳೀತು. ಉಳಿದರ್ಧವನ್ನು ಬಲ್ಲವರ ಪಕ್ಕದಲ್ಲಿ ನಿಂತೇ ಕಲಿಯಬೇಕು.

1979ರಲ್ಲಿ ಆರಂಭವಾದ ಮೈಸೂರಿನ ರೈಲು ಮ್ಯೂಸಿಯಂ ನನಗೆ ಪ್ರಿಯವಾದ ತಾಣ. ಅಲ್ಲಿ ನಿಂತ ಇಂಜಿನುಗಳು ರೂಪವನ್ನು ಕಾಪಾಡಿಕೊಟ್ಟಿವೆ. ಆದರೆ ನಮ್ಮಲ್ಲಿ ಬ್ರಾಡ್‌ಗೇಜ್ ಹಳಿಗಳಿಂದ ಉಗಿ ಇಂಜಿನ್ 1995ರಲ್ಲೇ ನಿವೃತ್ತಿಯಾಯಿತು. ಅದನ್ನು ಉಣಿಸಿ ಓಡಿಸಿದ ಫೈರ್‌ಮನ್‌ಗಳು, ಶೆಡ್ಡಿನ ಫಿಟ್ಟರ್‌ಗಳು ಈಗ ಅಜ್ಜಂದಿರು. ನಮ್ಮೂರಲ್ಲೂ ಒಂದು ಇಂಜಿನ್ನಿಗೆ ಜೀವ ಬರಬೇಕೆಂದು ಆಸೆಪಡುವ ಯುವಕ ಯುವತಿಯರು ಚಂದಾ ಎತ್ತುವ ಮುನ್ನ ಆ ಹಿರಿಯರ ಮನೆಗೆ ಹೋಗಲಿ, ಕೇಳಲಿ, ಬರೆದುಕೊಳ್ಳಲಿ. ಕಬ್ಬಿಣ ಇನ್ನೂ ಕೆಲವು ದಶಕ ಕಾಯಬಲ್ಲದು, ಅವರು ಕಾಯಲಾರರು.